ಸಾಮಾನ್ಯ ಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು, ಸ್ವಲ್ಪ ಬಿಡಿಸಿ ಹೇಳಿದ ಉತ್ತರಗಳು

ರಸಪ್ರಶ್ನೆಗೆ ತಯಾರಾಗುವವರು, ಪರೀಕ್ಷೆ ಬರೆಯುವವರು, ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವ ಅಪ್ಪ ಅಮ್ಮಂದಿರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಸೇರಿಸಿದ್ದೇನೆ. ಒಂದು ಸಾಲಿನ ಉತ್ತರ ಎಲ್ಲಿ ಬೇಕಾದರೂ ಸಿಗುತ್ತದೆ. ಕಷ್ಟ ಬರುವುದು ಎರಡು ಪುಸ್ತಕದಲ್ಲಿ ಎರಡು ಉತ್ತರ ಕಂಡಾಗ. ಹೆಚ್ಚಿನ ಸಲ ಎರಡೂ ಸರಿಯೇ ಇರುತ್ತವೆ. ಅಳೆದ ರೀತಿ ಬೇರೆ, ಎಣಿಸಿದವರು ಬೇರೆ, ಇಲ್ಲವೇ ಕ್ಯಾಲೆಂಡರ್ ಬೇರೆ. ಅದನ್ನು ತಿಳಿದುಕೊಂಡರೆ ಬಾಯಿಪಾಠದ ಹಂಗೇ ಇರುವುದಿಲ್ಲ. ಅದಕ್ಕೇ ಉತ್ತರಗಳು ಸ್ವಲ್ಪ ಉದ್ದವಾಗಿವೆ.

## ಮೊದಲು ಸುಲಭದವು

ಎವರೆಸ್ಟ್ ಎತ್ತರ 8,848 ಮೀಟರಾ, 8,848.86 ಮೀಟರಾ? ಅದಕ್ಕಿಂತ ಎತ್ತರದ ಬೆಟ್ಟ ಇದೆ ಅಂತಲೂ ಹೇಳ್ತಾರಲ್ಲ?

ಈಗ ಬರೆಯಬೇಕಾದ್ದು 8,848.86 ಮೀಟರ್. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಈ ಅಂಕಿಯನ್ನು ಘೋಷಿಸಿದವು. ಅದಕ್ಕೂ ಮುಂಚೆ ನೇಪಾಳ 8,848 ಅನ್ನುತ್ತಿತ್ತು. ಚೀನಾ ತುದಿಯ ಹಿಮವನ್ನು ಬಿಟ್ಟು ಬಂಡೆಯನ್ನಷ್ಟೇ ಅಳೆದು 8,844.43 ಅನ್ನುತ್ತಿತ್ತು. ಹಳೆಯ ಪುಸ್ತಕಗಳಲ್ಲಿ ಮೂರು ಅಂಕಿ ಕಾಣುವುದು ಇದರಿಂದಲೇ.

ಇದೆಲ್ಲ ಸಮುದ್ರ ಮಟ್ಟದಿಂದ ಅಳೆದ ಎತ್ತರ. ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರ್ ದೇಶದ ಚಿಂಬೊರಾಸೊ ಗೆಲ್ಲುತ್ತದೆ. ಅದರ ಎತ್ತರ ಸುಮಾರು 6,263 ಮೀಟರ್ ಅಷ್ಟೇ. ಆದರೆ ಭೂಮಿ ಸಮಭಾಜಕದ ಹತ್ತಿರ ಉಬ್ಬಿದೆ, ಚಿಂಬೊರಾಸೊ ಆ ಉಬ್ಬಿನ ಮೇಲೆ ನಿಂತಿದೆ. ಹಾಗಾಗಿ ಅದರ ತುದಿ ಎವರೆಸ್ಟ್ ತುದಿಗಿಂತ ಸುಮಾರು 2 ಕಿಲೋಮೀಟರ್ ಹೊರಗಿದೆ. ಇನ್ನು ಬುಡದಿಂದ ತುದಿವರೆಗೆ ಅಳೆಯುವುದಾದರೆ ಹವಾಯಿಯ ಮೌನಾ ಕೆಯಾ ಮುಂದೆ. ನೀರಿನ ಮೇಲೆ ಕಾಣುವುದು 4,207 ಮೀಟರ್, ಸಮುದ್ರದ ತಳದಿಂದ ಲೆಕ್ಕ ಹಾಕಿದರೆ 10,000 ಮೀಟರ್ ದಾಟುತ್ತದೆ.

ನೈಲ್ ದೊಡ್ಡದಾ, ಅಮೆಜಾನ್ ದೊಡ್ಡದಾ?

ಉದ್ದದಲ್ಲಿ ನೈಲ್, ಸುಮಾರು 6,650 ಕಿಲೋಮೀಟರ್. ಅಮೆಜಾನ್ ಸುಮಾರು 6,400. ನೀರಿನ ಪ್ರಮಾಣದಲ್ಲಿ ಅಮೆಜಾನ್‌ಗೆ ಸಾಟಿಯೇ ಇಲ್ಲ, ಸೆಕೆಂಡಿಗೆ ಸುಮಾರು 2 ಲಕ್ಷ ಘನ ಮೀಟರ್ ನೀರನ್ನು ಸಮುದ್ರಕ್ಕೆ ಸುರಿಯುತ್ತದೆ. ಪ್ರಶ್ನೆಯಲ್ಲಿ 'ಉದ್ದ' ಇದೆಯಾ, 'ದೊಡ್ಡ' ಇದೆಯಾ ನೋಡಿಕೊಂಡು ಬರೆಯಿರಿ.

ಜಗತ್ತಿನಲ್ಲಿ ಒಟ್ಟು ಎಷ್ಟು ದೇಶ ಇವೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಯಾರು ಎಣಿಸಿದ್ದು ಅನ್ನುವುದರ ಮೇಲೆ ಹೋಗುತ್ತದೆ. ವಿಶ್ವಸಂಸ್ಥೆಯ ಸದಸ್ಯ ದೇಶಗಳು 193. ಕೊನೆಗೆ ಸೇರಿದ್ದು ದಕ್ಷಿಣ ಸೂಡಾನ್, 2011ರಲ್ಲಿ. ವೀಕ್ಷಕ ಸ್ಥಾನದಲ್ಲಿರುವ ವ್ಯಾಟಿಕನ್ ಮತ್ತು ಪ್ಯಾಲೆಸ್ಟೀನ್ ಸೇರಿಸಿದರೆ 195. ಫುಟ್‌ಬಾಲ್‌ನ ಫಿಫಾದಲ್ಲಿ 211 ಸದಸ್ಯರಿದ್ದಾರೆ, ಯಾಕೆಂದರೆ ಅಲ್ಲಿ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಬೇರೆ ಬೇರೆ ತಂಡ. ಒಲಿಂಪಿಕ್ ಸಮಿತಿಗಳು 206.

ತೈವಾನ್ ಯಾಕೆ ಪಟ್ಟಿಯಲ್ಲಿಲ್ಲ ಅಂತಲೂ ಜೊತೆಗೇ ಕೇಳುತ್ತಾರೆ. 1971ರ ಅಕ್ಟೋಬರ್‌ವರೆಗೆ ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿ ತೈವಾನ್ ಸರ್ಕಾರದ ಕೈಯಲ್ಲೇ ಇತ್ತು. ಆ ತಿಂಗಳು ಸಾಮಾನ್ಯ ಸಭೆ 2758ನೇ ನಿರ್ಣಯ ಮಾಡಿ ಅದನ್ನು ಬೀಜಿಂಗ್ ಸರ್ಕಾರಕ್ಕೆ ಕೊಟ್ಟಿತು.

ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಯಾಕಲ್ಲ? ಎಲ್ಲರೂ ಅದನ್ನೇ ಹೇಳ್ತಾರೆ!

ಸಿಡ್ನಿ ಮತ್ತು ಮೆಲ್ಬರ್ನ್ ನಡುವೆ ಹಟ ಬಿದ್ದದ್ದರಿಂದ. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶ ಆದಾಗ ಎರಡೂ ನಗರಗಳು ರಾಜಧಾನಿ ತಮಗೇ ಬೇಕು ಅಂದವು. ಕೊನೆಗೆ ಆದ ರಾಜಿ ಎಷ್ಟು ಗಟ್ಟಿ ಅಂದರೆ ಅದನ್ನು ಸಂವಿಧಾನದಲ್ಲೇ ಬರೆದರು. 125ನೇ ವಿಧಿ ಓದಿ ನೋಡಿ: ರಾಜಧಾನಿ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳಗೇ ಇರಬೇಕು, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರ ಇರಬೇಕು, ಅದು ಸಿದ್ಧವಾಗುವವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಬೇಕು. ಒಂದು ವಿಧಿಯಲ್ಲಿ ಎರಡೂ ಕಡೆಯವರ ಸಿಟ್ಟು ಕಾಣುತ್ತದೆ, ಅಲ್ವಾ?

ಆಮೇಲೆ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸಿದರು. ಅಮೆರಿಕದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ನಕ್ಷೆ 1912ರಲ್ಲಿ ಗೆದ್ದಿತು. ಆ ಸುಂದರ ಚಿತ್ರಗಳನ್ನು ಬರೆದವರು ಅವರ ಹೆಂಡತಿ, ತಾವೂ ವಾಸ್ತುಶಿಲ್ಪಿಯಾಗಿದ್ದ ಮೇರಿಯನ್ ಮಹೋನಿ ಗ್ರಿಫಿನ್. ಅವರ ಹೆಸರನ್ನು ಪ್ರಶ್ನೆಪತ್ರಿಕೆಗಳು ಕೇಳುವುದೇ ಇಲ್ಲ, ಕೇಳಬೇಕು. 1913ರಲ್ಲಿ ಊರಿಗೆ ಕ್ಯಾನ್‌ಬೆರಾ ಅಂತ ಹೆಸರಿಟ್ಟರು. ಸಂಸತ್ತು ಅಲ್ಲಿಗೆ ಬಂದದ್ದು 1927ರಲ್ಲಿ.

ಒಂದೇ ದೇಶಕ್ಕೆ ಮೂರು ರಾಜಧಾನಿ ಇರೋದು ನಿಜವಾ?

ನಿಜ, ದಕ್ಷಿಣ ಆಫ್ರಿಕಾಕ್ಕೆ. ಆಡಳಿತ ಪ್ರಿಟೋರಿಯಾದಲ್ಲಿ, ಸಂಸತ್ತು ಕೇಪ್‌ಟೌನ್‌ನಲ್ಲಿ, ನ್ಯಾಯಾಂಗ ಬ್ಲೂಮ್‌ಫಾಂಟೇನ್‌ನಲ್ಲಿ. 1910ರಲ್ಲಿ ನಾಲ್ಕು ವಸಾಹತುಗಳು ಸೇರಿದಾಗ ಯಾರಿಗೂ ಬೇಸರ ಆಗದಂತೆ ಹಂಚಿದ ವ್ಯವಸ್ಥೆ ಇದು. ಆದರೆ ಸಂವಿಧಾನದ ವಿಷಯಗಳಲ್ಲಿ ಕೊನೆಯ ಮಾತು ಹೇಳುವ ಸಂವಿಧಾನ ನ್ಯಾಯಾಲಯ ಇರುವುದು ಜೊಹಾನ್ಸ್‌ಬರ್ಗ್‌ನಲ್ಲಿ.

ಚಂದ್ರನ ಮೇಲಿಂದ ಚೀನಾದ ಮಹಾಗೋಡೆ ಕಾಣುತ್ತಾ?

ಇಲ್ಲ. ಗೋಡೆ ಸಾವಿರಾರು ಕಿಲೋಮೀಟರ್ ಉದ್ದ ಇದ್ದರೂ ಅಗಲ ಕೆಲವೇ ಮೀಟರ್. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ, ಚಂದ್ರನಿಗಿಂತ ಎಷ್ಟೋ ಹತ್ತಿರದಲ್ಲಿದ್ದೂ ತಮಗೆ ಗೋಡೆ ಕಾಣಲಿಲ್ಲ ಅಂದರು.

## ಸ್ವಲ್ಪ ಕೆದಕಬೇಕಾದವು

ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಯಾರು, ಮೊದಲ ಮಹಿಳಾ ಅಧ್ಯಕ್ಷೆ ಯಾರು? ಎರಡನೆಯದಕ್ಕೆ ಎರಡು ಹೆಸರು ಬರುತ್ತೆ.

ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ, ಶ್ರೀಲಂಕಾ, 1960ರ ಜುಲೈ. ಆಗ ಆ ದೇಶದ ಹೆಸರು ಸಿಲೋನ್. ಇದರಲ್ಲಿ ಗೊಂದಲ ಇಲ್ಲ.

ಅಧ್ಯಕ್ಷೆ ಅಂದಾಗ ಅರ್ಜೆಂಟೀನಾದ ಇಸಬೆಲ್ ಪೆರೋನ್ ಹೆಸರು ಬರುತ್ತದೆ. ಅವರು ಉಪಾಧ್ಯಕ್ಷೆಯಾಗಿದ್ದರು. ಅಧ್ಯಕ್ಷರಾಗಿದ್ದ ಗಂಡ 1974ರ ಜುಲೈನಲ್ಲಿ ತೀರಿಕೊಂಡಾಗ ಆ ಸ್ಥಾನಕ್ಕೆ ಬಂದರು. ಜನರ ಮತದಿಂದಲೇ ಅಧ್ಯಕ್ಷೆಯಾಗಿ ಆಯ್ಕೆಯಾದ ಮೊದಲಿಗರು ಐಸ್‌ಲೆಂಡ್‌ನ ವಿಗ್ಡಿಸ್ ಫಿನ್‌ಬೊಗಡೊಟಿರ್, 1980ರಲ್ಲಿ. ಅವರು 1996ರವರೆಗೆ, ಅಂದರೆ 16 ವರ್ಷ ಆ ಹುದ್ದೆಯಲ್ಲಿದ್ದರು. ಪ್ರಶ್ನೆಯಲ್ಲಿ 'ಚುನಾಯಿತ' ಇದ್ದರೆ ವಿಗ್ಡಿಸ್, ಇಲ್ಲದಿದ್ದರೆ ಇಸಬೆಲ್.

ಸಿರಿಮಾವೊ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1994ರಲ್ಲಿ ಮಗಳು ಚಂದ್ರಿಕಾ ಕುಮಾರತುಂಗ ಅಧ್ಯಕ್ಷೆಯಾದರು, ತಾಯಿಯನ್ನೇ ಪ್ರಧಾನಿಯಾಗಿ ನೇಮಿಸಿದರು. 2000ದ ಅಕ್ಟೋಬರ್ 10, ಸಂಸತ್ ಚುನಾವಣೆಯ ದಿನ. ಸಿರಿಮಾವೊ ಮತ ಹಾಕಿ ಮನೆಗೆ ಹೊರಟವರು ದಾರಿಯಲ್ಲೇ ಹೃದಯಾಘಾತದಿಂದ ತೀರಿಕೊಂಡರು.

ಹೆಂಗಸರಿಗೆ ಮೊದಲು ಮತದಾನದ ಹಕ್ಕು ಕೊಟ್ಟ ದೇಶ ನ್ಯೂಜಿಲೆಂಡಾ, ಫಿನ್‌ಲೆಂಡಾ?

ಮತ ಹಾಕುವ ಹಕ್ಕು ಮೊದಲು ಕೊಟ್ಟದ್ದು ನ್ಯೂಜಿಲೆಂಡ್, 1893ರಲ್ಲಿ. ಆದರೆ ಅಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಲು 1919ರವರೆಗೆ ಕಾಯಬೇಕಾಯಿತು. ಫಿನ್‌ಲೆಂಡ್ 1906ರಲ್ಲಿ ಎರಡೂ ಹಕ್ಕನ್ನು ಒಟ್ಟಿಗೇ ಕೊಟ್ಟಿತು. ಮರುವರ್ಷವೇ 19 ಹೆಂಗಸರು ಸಂಸತ್ತಿಗೆ ಆಯ್ಕೆಯಾದರು. ಶ್ರೀಮಂತ ದೇಶಗಳೆಲ್ಲ ಮುಂದಿದ್ದವು ಅಂತ ಮಾತ್ರ ಅಂದುಕೊಳ್ಳಬೇಡಿ. ಸ್ವಿಟ್ಜರ್‌ಲೆಂಡ್‌ನಲ್ಲಿ ರಾಷ್ಟ್ರ ಮಟ್ಟದ ಮತದಾನದ ಹಕ್ಕು ಬಂದದ್ದು 1971ರಲ್ಲಿ. ಅದರ ಒಂದು ಪ್ರಾಂತ್ಯದಲ್ಲಿ ಸ್ಥಳೀಯ ಹಕ್ಕಿಗೆ 1990ರಲ್ಲಿ ನ್ಯಾಯಾಲಯದ ತೀರ್ಪೇ ಬೇಕಾಯಿತು.

ಎಲ್ಲ ನೊಬೆಲ್ ಸ್ವೀಡನ್‌ನಲ್ಲಿ ಕೊಡುವಾಗ ಶಾಂತಿ ನೊಬೆಲ್ ಮಾತ್ರ ನಾರ್ವೆಯಲ್ಲಿ ಯಾಕೆ? ಗಾಂಧೀಜಿಗೆ ಯಾಕೆ ಬರಲಿಲ್ಲ?

ಆಲ್‌ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲೇ ಹಾಗೆ ಬರೆದಿದ್ದರು. ಶಾಂತಿ ಪ್ರಶಸ್ತಿಯನ್ನು ನಾರ್ವೆಯ ಸಂಸತ್ತು ಆರಿಸುವ ಐವರ ಸಮಿತಿ ಕೊಡಬೇಕು ಅಂತ. ಕಾರಣ ಬರೆದಿಡಲಿಲ್ಲ. ಆಗ ಸ್ವೀಡನ್ ಮತ್ತು ನಾರ್ವೆ ಒಬ್ಬನೇ ರಾಜನ ಕೆಳಗಿದ್ದವು, 1905ರಲ್ಲಿ ಬೇರೆಯಾದವು. ಉಯಿಲು ಮಾತ್ರ ಹಾಗೇ ನಡೆದುಕೊಂಡು ಬಂತು. ಅರ್ಥಶಾಸ್ತ್ರದ ಪ್ರಶಸ್ತಿ ಆ ಉಯಿಲಿನಲ್ಲಿ ಇರಲೇ ಇಲ್ಲ. ಸ್ವೀಡನ್‌ನ ಕೇಂದ್ರ ಬ್ಯಾಂಕು ಅದನ್ನು 1968ರಲ್ಲಿ ಸ್ಥಾಪಿಸಿತು.

ಗಾಂಧೀಜಿಯ ಹೆಸರು 1937, 1938, 1939, 1947 ಮತ್ತು 1948ರಲ್ಲಿ ಸೂಚಿತವಾಗಿತ್ತು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಆ ವರ್ಷ ಬದುಕಿರುವ ತಕ್ಕ ವ್ಯಕ್ತಿ ಯಾರೂ ಇಲ್ಲ ಅಂತ ಹೇಳಿ ಸಮಿತಿ ಶಾಂತಿ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ. ಪ್ರಶಸ್ತಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ.

ನೆಪೋಲಿಯನ್ ನಿಜವಾಗಲೂ ಕುಳ್ಳನಾ?

ಅಲ್ಲ. 5 ಅಡಿ 2 ಇಂಚು ಅನ್ನುವುದು ಹಳೆಯ ಫ್ರೆಂಚ್ ಅಳತೆ. ಆ ಅಡಿ ಸುಮಾರು 32.5 ಸೆಂಟಿಮೀಟರ್, ಬ್ರಿಟಿಷ್ ಅಡಿ 30.48. ಲೆಕ್ಕ ಮಾಡಿದರೆ ಅವನ ಎತ್ತರ ಸುಮಾರು 168 ಸೆಂಟಿಮೀಟರ್, ಅಂದರೆ ಈಗಿನ ಐದೂವರೆ ಅಡಿ. ಆ ಕಾಲದ ಫ್ರೆಂಚ್ ಗಂಡಸರಲ್ಲಿ ಅದೇನೂ ಕಮ್ಮಿ ಅಲ್ಲ. ಬ್ರಿಟಿಷ್ ವ್ಯಂಗ್ಯಚಿತ್ರಕಾರರು, ಅದರಲ್ಲೂ ಜೇಮ್ಸ್ ಗಿಲ್‌ರೇ, ಅವನನ್ನು ಪುಟ್ಟ ಹುಡುಗನ ಹಾಗೆ ಬರೆದು ಬರೆದು ಈ ಮಾತನ್ನು ಗಟ್ಟಿ ಮಾಡಿದರು.

ಭೂಮಿಯನ್ನು ಮೊದಲು ಸುತ್ತಿದವನು ಮೆಗಲನ್ ತಾನೇ?

ಹಡಗುಗಳನ್ನು ಹೊರಡಿಸಿದವನು ಮೆಗಲನ್. ಸುತ್ತು ಮುಗಿಸಿದವನು ಅವನಲ್ಲ. 1519ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನಿಂದ ಐದು ಹಡಗು ಹೊರಟವು, ಇನ್ನೂರಕ್ಕೂ ಜಾಸ್ತಿ ಜನ ಇದ್ದರು. 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದ ಜನರ ಜೊತೆ ಕಾದಾಡುವಾಗ ಮೆಗಲನ್ ಸತ್ತ. ಉಳಿದ ಒಂದೇ ಹಡಗು ವಿಕ್ಟೋರಿಯಾವನ್ನು ಹ್ವಾನ್ ಸೆಬಾಸ್ಟಿಯನ್ ಎಲ್ಕಾನೊ 1522ರ ಸೆಪ್ಟೆಂಬರ್ 6ರಂದು ಸ್ಪೇನ್‌ಗೆ ತಲುಪಿಸಿದ. ಅದರಲ್ಲಿ ಯುರೋಪಿನವರು ಬರೀ 18 ಜನ.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಕೊನೆಯಲ್ಲಿದೆ. ಹಡಗಿನಲ್ಲಿ ಇಟಲಿಯ ಪಿಗಾಫೆಟ್ಟಾ ದಿನವೂ ತಪ್ಪದೆ ದಿನಚರಿ ಬರೆಯುತ್ತಿದ್ದ. ಊರು ಹತ್ತಿರವಾಗುವಾಗ ಕೇಪ್ ವರ್ಡ್ ದ್ವೀಪದಲ್ಲಿ ದಡಕ್ಕೆ ಇಳಿದವರು ಇವತ್ತು ಯಾವ ವಾರ ಅಂತ ಕೇಳಿದರು. ಗುರುವಾರ ಅಂದರು ಅಲ್ಲಿಯವರು. ಹಡಗಿನ ಲೆಕ್ಕದಲ್ಲಿ ಬುಧವಾರ! ಒಂದು ದಿನವೂ ಬರೆಯುವುದು ತಪ್ಪಿಸಿರಲಿಲ್ಲ. ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೋಗುತ್ತಾ ಇಡೀ ಭೂಮಿ ಸುತ್ತಿದ್ದರಿಂದ ಅವರು ಒಂದು ಸೂರ್ಯೋದಯ ಕಡಿಮೆ ನೋಡಿದ್ದರು.

ಒಂದು ದೇಶ ಒಂದು ದಿನವನ್ನೇ ಬಿಟ್ಟುಬಿಟ್ಟಿತ್ತಂತೆ, ಹೌದಾ?

ಹೌದು, ಪೆಸಿಫಿಕ್ ಸಾಗರದ ದ್ವೀಪ ದೇಶ ಸಮೋವಾ. 2011ರಲ್ಲಿ ಡಿಸೆಂಬರ್ 29 ಗುರುವಾರ ಮುಗಿದ ಮೇಲೆ ನೇರವಾಗಿ 31 ಶನಿವಾರ ಬಂತು. ವ್ಯಾಪಾರ ಜಾಸ್ತಿ ಇದ್ದದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ. ಅಲ್ಲಿ ಸೋಮವಾರ ಕೆಲಸ ಶುರುವಾದಾಗ ಇಲ್ಲಿ ಇನ್ನೂ ಭಾನುವಾರ, ಹಾಗಾಗಿ ದಿನಾಂಕ ರೇಖೆಯ (ಅದನ್ನು ದಾಟಿದರೆ ತಾರೀಕು ಒಂದು ದಿನ ಬದಲಾಗುತ್ತದೆ) ಇನ್ನೊಂದು ಬದಿಗೆ ಹೋದರು. 1892ರಲ್ಲಿ ಇದೇ ಸಮೋವಾ ಅಮೆರಿಕದ ವ್ಯಾಪಾರಕ್ಕೋಸ್ಕರ ಉಲ್ಟಾ ದಾಟಿ, ಜುಲೈ 4ನ್ನು ಎರಡು ಸಲ ಆಚರಿಸಿತ್ತು. ಪಕ್ಕದ ಅಮೆರಿಕನ್ ಸಮೋವಾ ಹಳೆಯ ಬದಿಯಲ್ಲೇ ಉಳಿದಿದೆ. ಈಗ ಎರಡೂ ಕಡೆ ಗಡಿಯಾರ ತೋರಿಸುವ ಸಮಯ ಒಂದೇ, ತಾರೀಕು ಮಾತ್ರ ಬೇರೆ.

## ಬಲ್ಲವರೂ ತಡವರಿಸುವಂಥವು

ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್‌ನಲ್ಲಿ ನಡೆದದ್ದು ಹೇಗೆ?

ನಡೆದ ದಿನ ಒಂದೇ, ಕ್ಯಾಲೆಂಡರ್ ಎರಡು. ರಷ್ಯಾದ ಜೂಲಿಯನ್ ಕ್ಯಾಲೆಂಡರ್ ಪ್ರಕಾರ 1917ರ ಅಕ್ಟೋಬರ್ 25. ಉಳಿದವರ ಗ್ರೆಗೋರಿಯನ್ ಕ್ಯಾಲೆಂಡರ್ ಪ್ರಕಾರ ನವೆಂಬರ್ 7.

ಜೂಲಿಯನ್ ಲೆಕ್ಕದಲ್ಲಿ ವರ್ಷಕ್ಕೆ ಸರಿಯಾಗಿ 365 ದಿನ 6 ಗಂಟೆ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಹನ್ನೊಂದು ನಿಮಿಷ ಏನು ಮಹಾ ಅನ್ನಿಸಬಹುದು. ಆದರೆ 128 ವರ್ಷಕ್ಕೆ ಅದು ಒಂದು ದಿನ ಆಗುತ್ತದೆ. 1582ರ ಹೊತ್ತಿಗೆ ಋತುಗಳಿಗೂ ತಾರೀಕಿಗೂ ಹತ್ತು ದಿನದ ಅಂತರ ಬಿದ್ದಿತ್ತು. ಪೋಪ್ ಹದಿಮೂರನೇ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಅಂತ ಮಾಡಿದರು. ಇನ್ನು ಮುಂದೆ ನೂರರಿಂದ ಭಾಗವಾಗುವ ವರ್ಷಗಳಲ್ಲಿ 400ರಿಂದಲೂ ಭಾಗವಾದವು ಮಾತ್ರ ಅಧಿಕ ವರ್ಷ ಅಂದರು. ಅದಕ್ಕೇ 1900 ಅಧಿಕ ವರ್ಷ ಅಲ್ಲ, 2000 ಹೌದು.

ಕ್ಯಾಥೊಲಿಕ್ ದೇಶಗಳು ಬೇಗ ಒಪ್ಪಿದವು. ಬ್ರಿಟನ್ 1752ರವರೆಗೆ ಕಾಯಿತು, ರಷ್ಯಾ 1918ರವರೆಗೆ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25 ಅಂತಲೂ 1643ರ ಜನವರಿ 4 ಅಂತಲೂ ಓದಿದ್ದರೆ ಕಾರಣ ಇದೇ. ರಷ್ಯಾದ ಚರ್ಚು ಕ್ರಿಸ್‌ಮಸ್ಸನ್ನು ಜನವರಿ 7ಕ್ಕೆ ಮಾಡುವುದೂ ಇದರಿಂದಲೇ. ಅವರ ಹಳೆಯ ಲೆಕ್ಕದಲ್ಲಿ ಅವತ್ತು ಡಿಸೆಂಬರ್ 25.

ಷೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ ಒಂದೇ ದಿನ ತೀರಿಕೊಂಡ್ರಾ?

ಇಂಗ್ಲೆಂಡ್‌ನ ನಾಟಕಕಾರ ಷೇಕ್ಸ್‌ಪಿಯರ್, ಸ್ಪೇನ್‌ನ ಕಾದಂಬರಿಕಾರ ಸರ್ವಾಂಟಿಸ್, ಇಬ್ಬರಿಗೂ 1616ರ ಏಪ್ರಿಲ್ 23 ಅಂತ ಬರೆಯುತ್ತಾರೆ. ಯುನೆಸ್ಕೊ ವಿಶ್ವ ಪುಸ್ತಕ ದಿನಕ್ಕೆ ಅದೇ ತಾರೀಕು ಆರಿಸಿತು. ಆದರೆ ಆಗ ಸ್ಪೇನ್ ಹೊಸ ಕ್ಯಾಲೆಂಡರ್‌ನಲ್ಲಿತ್ತು, ಇಂಗ್ಲೆಂಡ್ ಹಳೆಯದರಲ್ಲಿ. ಷೇಕ್ಸ್‌ಪಿಯರ್ ಸತ್ತ ದಿನ ಸ್ಪೇನ್‌ನಲ್ಲಿ ಮೇ 3. ಅಲ್ಲದೆ ಸರ್ವಾಂಟಿಸ್ ತೀರಿಕೊಂಡದ್ದು ಏಪ್ರಿಲ್ 22, ಮಣ್ಣು ಮಾಡಿದ್ದು 23 ಅನ್ನುವುದೇ ಈಗ ಹೆಚ್ಚಿನವರ ಮಾತು.

ರಂಜಾನ್ ಪ್ರತಿ ವರ್ಷ ಹಿಂದೆ ಹಿಂದೆ ಬರುತ್ತೆ, ದೀಪಾವಳಿ ಯಾಕೆ ಹಾಗಾಗಲ್ಲ? ಎರಡೂ ಚಂದ್ರನ ಲೆಕ್ಕವೇ ಅಲ್ವಾ?

ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೆ ಸುಮಾರು 354 ದಿನ. ಸೌರ ವರ್ಷಕ್ಕಿಂತ 11 ದಿನ ಕಮ್ಮಿ. ಹಿಜರಿ ಕ್ಯಾಲೆಂಡರ್ ಈ ಅಂತರವನ್ನು ಹಾಗೇ ಬಿಡುತ್ತದೆ. ಅದಕ್ಕೇ ರಂಜಾನ್ ಚಳಿಗಾಲ, ಬೇಸಿಗೆ ಎಲ್ಲ ಋತುಗಳನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮೊದಲಿನ ಜಾಗಕ್ಕೆ ಬರುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ರಂಜಾನ್ ತಿಂಗಳು ಶುರುವಾಗುತ್ತದೆ.

ಹಿಂದೂ ಪಂಚಾಂಗ ಈ ಅಂತರವನ್ನು ಕೂಡಿಟ್ಟು, ಸುಮಾರು 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತದೆ. ಹಾಗಾಗಿ ದೀಪಾವಳಿ ಹಿಂದೆ ಮುಂದೆ ಆದರೂ ಅಕ್ಟೋಬರ್-ನವೆಂಬರ್ ದಾಟುವುದಿಲ್ಲ. ಯಹೂದಿಗಳ ಕ್ಯಾಲೆಂಡರ್ ಕೂಡ 19 ವರ್ಷಕ್ಕೆ 7 ಅಧಿಕ ತಿಂಗಳು ಸೇರಿಸುತ್ತದೆ. ದೂರ ದೂರದ ಜನ ಆಕಾಶ ನೋಡಿ ಇಷ್ಟು ಹತ್ತಿರದ ಲೆಕ್ಕಕ್ಕೆ ಬಂದಿದ್ದಾರೆ ಅನ್ನುವುದು ನನಗೆ ಯಾವತ್ತೂ ಬೆರಗು.

ಈಸ್ಟರ್ ತಾರೀಕು ಹೇಗೆ ಗೊತ್ತು ಮಾಡ್ತಾರೆ?

ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ, ಅದರ ನಂತರದ ಭಾನುವಾರ ಈಸ್ಟರ್. ಹುಣ್ಣಿಮೆಯನ್ನು ಚರ್ಚಿನ ಕೋಷ್ಟಕದಿಂದ ತೆಗೆದುಕೊಳ್ಳುತ್ತಾರೆ. ಹಾಗಾಗಿ ಮಾರ್ಚ್ 22ಕ್ಕಿಂತ ಮುಂಚೆ, ಏಪ್ರಿಲ್ 25ರ ಆಚೆ ಬರುವುದಿಲ್ಲ. ಆರ್ಥೊಡಾಕ್ಸ್ ಚರ್ಚುಗಳದ್ದು ಜೂಲಿಯನ್ ಲೆಕ್ಕ, ಹೆಚ್ಚಿನ ವರ್ಷ ದಿನ ಬೇರೆ. ಕೆಲವು ವರ್ಷ ಒಂದೇ ದಿನ ಬರುತ್ತವೆ, 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಂದವು.

ಅಂಕೋರ್ ವಾಟ್ ಹಿಂದೂ ದೇವಸ್ಥಾನವಾ, ಬೌದ್ಧರದ್ದಾ?

ಕಟ್ಟಿದ್ದು ವಿಷ್ಣುವಿಗೆ. ಕಟ್ಟಿಸಿದವನು ಕಾಂಬೋಡಿಯಾದ ಖ್ಮೇರ್ ರಾಜ ಎರಡನೇ ಸೂರ್ಯವರ್ಮ, 12ನೇ ಶತಮಾನದ ಮೊದಲ ಭಾಗದಲ್ಲಿ. ಕ್ರಮೇಣ ಬೌದ್ಧರದ್ದಾಯಿತು, ಈಗಲೂ ಅಲ್ಲಿ ಬೌದ್ಧ ಪೂಜೆ ನಡೆಯುತ್ತದೆ. ಪೂರ್ವದ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನದ ಉಬ್ಬುಶಿಲ್ಪ ಇದೆ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು ವಾಸುಕಿಯನ್ನು ಎಳೆಯುತ್ತಿದ್ದಾರೆ, ನಡುವೆ ವಿಷ್ಣು. ಕೆಳಗಿನ ಸಾಲಿನಲ್ಲಿ ಮೀನು, ಮೊಸಳೆ ತುಂಡು ತುಂಡಾಗಿ ಸಿಡಿಯುತ್ತಿವೆ. ಈ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ, ಖ್ಮೇರ್ ದೇವಾಲಯಗಳಲ್ಲಿ ಅದು ಅಪರೂಪ. ಕಾಂಬೋಡಿಯಾದ ಧ್ವಜದ ಮೇಲಿರುವುದೂ ಇದೇ.

ಕಾಬುಕಿಯಲ್ಲಿ ಹೆಣ್ಣಿನ ಪಾತ್ರಾನೂ ಗಂಡಸರೇ ಮಾಡ್ತಾರೆ, ಮೊದಲಿಂದಲೂ ಹಾಗೇನಾ?

ಇಲ್ಲ, ಜಪಾನಿನ ಈ ಸಾಂಪ್ರದಾಯಿಕ ನಾಟಕವನ್ನು ಶುರು ಮಾಡಿದ್ದೇ ಒಬ್ಬ ಹೆಂಗಸು. 1603ರ ಸುಮಾರಿಗೆ ಒಕುನಿ ಅನ್ನುವ ನರ್ತಕಿ ಕ್ಯೋಟೊದಲ್ಲಿ ಕಾಮೊ ನದಿಯ ಒಣ ಮರಳಿನ ಮೇಲೆ ಆಡಿ ತೋರಿಸಿದ ಆಟ ಜನರಿಗೆ ಹುಚ್ಚು ಹಿಡಿಸಿತು. ಅವಳು ಗಂಡು ವೇಷವನ್ನೂ ಹಾಕುತ್ತಿದ್ದಳು. 1629ರಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ ಷೋಗನ್‌ನ ಸರ್ಕಾರ ನೀತಿಯ ಹೆಸರು ಹೇಳಿ ಹೆಂಗಸರನ್ನು ರಂಗದಿಂದ ಹೊರಹಾಕಿತು. ನಂತರ ಎಳೆಯ ಹುಡುಗರ ತಂಡಗಳನ್ನೂ ನಿಷೇಧಿಸಿ, ಕೊನೆಗೆ ಬೆಳೆದ ಗಂಡಸರಿಗೆ ಮಾತ್ರ ಬಿಟ್ಟರು. ಇಂಗ್ಲೆಂಡ್‌ನ ಸಾರ್ವಜನಿಕ ರಂಗದಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಮೊದಲು ಹುಡುಗರು, ಆಮೇಲೆ 1660ರಿಂದ ನಟಿಯರು.

ಷೇಕ್ಸ್‌ಪಿಯರ್ ನಾಟಕಗಳು 36, 37, 38, 39... ಯಾವುದು ಸರಿ?

ನಾಲ್ಕಕ್ಕೂ ಆಧಾರ ಇದೆ. ಅವನು ಸತ್ತು ಏಳು ವರ್ಷದ ಮೇಲೆ, 1623ರಲ್ಲಿ, ಜೊತೆಗೆ ನಟಿಸುತ್ತಿದ್ದ ಜಾನ್ ಹೆಮಿಂಗ್ಸ್ ಮತ್ತು ಹೆನ್ರಿ ಕಾಂಡೆಲ್ ಸೇರಿ ಅವನ ನಾಟಕಗಳ ದೊಡ್ಡ ಸಂಪುಟ ತಂದರು. ಅದರಲ್ಲಿದ್ದದ್ದು 36. 'ಪೆರಿಕ್ಲಿಸ್' ಸೇರಿಸಿದರೆ 37. ಜಾನ್ ಫ್ಲೆಚರ್ ಜೊತೆ ಬರೆದ 'ಟು ನೋಬಲ್ ಕಿನ್ಸ್‌ಮೆನ್' ಸೇರಿಸಿದರೆ 38. 'ಮೂರನೇ ಎಡ್ವರ್ಡ್' ಕೂಡ ಭಾಗಶಃ ಅವನದೇ ಅಂತ ಒಪ್ಪಿದರೆ 39. ಆ ಇಬ್ಬರು ನಟರಿಗೆ ನಾವು ಎಷ್ಟು ಋಣಿಗಳು ಅಂದರೆ, 'ಮ್ಯಾಕ್‌ಬೆತ್', 'ದಿ ಟೆಂಪೆಸ್ಟ್', 'ಜೂಲಿಯಸ್ ಸೀಸರ್' ಸೇರಿ ಸುಮಾರು 18 ನಾಟಕಗಳು ಮೊದಲ ಸಲ ಅಚ್ಚಾದದ್ದೇ ಆ ಸಂಪುಟದಲ್ಲಿ.

ಸಂಸ್ಕೃತ ನಾಟಕದಲ್ಲಿ ರಂಗದ ಮೇಲೆ ಸಾವು ತೋರಿಸೋ ಹಾಗಿಲ್ಲ ಅಂತಾರೆ. ಹಾಗಾದ್ರೆ ಭಾಸನ ದುರ್ಯೋಧನ?

ನಿಯಮ ಇದ್ದದ್ದು ನಿಜ, ಭಾಸ ಮುರಿದದ್ದೂ ನಿಜ. 'ಊರುಭಂಗ'ದಲ್ಲಿ ತೊಡೆ ಮುರಿದ ದುರ್ಯೋಧನ ಎಲ್ಲರ ಕಣ್ಣೆದುರೇ ಪ್ರಾಣ ಬಿಡುತ್ತಾನೆ. ಅದಕ್ಕೂ ಮುಂಚೆ ಪುಟ್ಟ ಮಗ ದುರ್ಜಯ ಬಂದು ಅಪ್ಪನ ತೊಡೆಯ ಮೇಲೆ ಕೂರಲು ಹೋಗುತ್ತಾನೆ, ಅಪ್ಪ ಬೇಡ ಅಂತ ತಡೆಯಬೇಕಾಗುತ್ತದೆ. ಖಳನೆಂದು ಎಲ್ಲರೂ ತಿಳಿದವನನ್ನು ಅಪ್ಪನಾಗಿ ತೋರಿಸುವ ಈ ಒಂದು ಗಳಿಗೆಗೆ ಭಾಸನನ್ನು ಓದಬೇಕು. 'ಪ್ರತಿಮಾ' ನಾಟಕದಲ್ಲಿ ದಶರಥ ಸಾಯುವುದೂ ರಂಗದ ಮೇಲೆಯೇ.

ಕಾಳಿದಾಸ ಹೆಸರೆತ್ತಿ ಹೊಗಳಿದ ಈ ಕವಿಯ ನಾಟಕಗಳು ಬಹುಕಾಲ ಪಂಡಿತಲೋಕಕ್ಕೆ ಸಿಕ್ಕಿರಲಿಲ್ಲ. 1909ರಲ್ಲಿ ಟಿ. ಗಣಪತಿ ಶಾಸ್ತ್ರಿ ಅವರಿಗೆ ಪದ್ಮನಾಭಪುರದ ಹತ್ತಿರ ಮಲಯಾಳಂ ಲಿಪಿಯ ತಾಳೆಗರಿಗಳು ಸಿಕ್ಕವು. 1912ರಿಂದ ತಿರುವನಂತಪುರದಲ್ಲಿ ಅಚ್ಚಾದವು, ಒಟ್ಟು 13 ನಾಟಕ. ಅವುಗಳಲ್ಲಿ ಕವಿಯ ಹೆಸರಿಲ್ಲ. ಎಲ್ಲವೂ ಭಾಸನದೇನಾ ಅನ್ನುವ ಚರ್ಚೆ ಅಂದಿನಿಂದಲೂ ನಡೆದಿದೆ. ಪರೀಕ್ಷೆಯಲ್ಲಿ ಕೇಳಿದರೆ 13 ಅಂತ ಬರೆಯಿರಿ.